ಜಕ್ಕೂರು ಕೆರೆಗೆ ಜೊಂಡಿನ ಕಾವಲು

ಬೆಂಗಳೂರಿನ ಜಕ್ಕೂರು ಕೆರೆ ನೋಡಲು ಬಂದವರು ಸಾಮಾನ್ಯವಾಗಿ ನೇರ ಏರಿಯ ಕಡೆ ನಡೆಯುತ್ತಾರೆ. ನನ್ನ ಮಾತು ಕೇಳುವುದಾದರೆ ಉತ್ತರದ ಮೂಲೆಯಿಂದ ಶುರುಮಾಡಿ. ಅಲ್ಲಿ ಫೋಟೊಗೆ ಒದಗುವಂಥದ್ದು ಏನೂ ಇಲ್ಲ. ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕದ ಕಾಂಪೌಂಡು, ಮೋಟರುಗಳ ಸದ್ದು, ಗಾಳಿ ತಿರುಗಿದರೆ ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಆದರೂ ಈ ಕೆರೆಯ ಗಂಗೋತ್ರಿ ಅದೇ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದಾಗಿ ಶುರುವಾದ ಈ ಘಟಕ ಯಲಹಂಕದ ಕಡೆಯ ಬಚ್ಚಲು, ಕಕ್ಕಸು, ಅಡುಗೆಮನೆಗಳ ನೀರನ್ನು ತೊಳೆದು ಕೆಳಕ್ಕೆ ಬಿಡುತ್ತದೆ. ಸುಡು ಬೇಸಿಗೆಯಲ್ಲೂ ಕೆರೆ ಬತ್ತದಿರುವುದು ಅದರಿಂದ.

ಆ ನೀರಿನ ಜಾತಕ ಬಿಚ್ಚಿ ನೋಡಿದರೆ ಸೋಜಿಗ. ಅದರಲ್ಲಿ ಬೋರ್‌ವೆಲ್ಲಿನದೂ ಇದೆ, ಕಾವೇರಿಯದೂ ಇದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರಹತ್ತಿರ 500 ಮೀಟರ್ ಎತ್ತರಕ್ಕೆ ಪಂಪಾಗಿ ನಗರಕ್ಕೆ ಬರುತ್ತದೆ. ಜಕ್ಕೂರು ಇರುವುದೋ ದಕ್ಷಿಣ ಪಿನಾಕಿನಿ ಕೊಳ್ಳದಲ್ಲಿ. ಒಂದು ನದಿಯ ನೀರು ನಮ್ಮ ಸ್ನಾನದ ಮನೆ ಹೊಕ್ಕು ಇನ್ನೊಂದು ನದಿಯ ಪಾಲಾಗುತ್ತದೆ. ಇದಕ್ಕೆ ನದಿ ಜೋಡಣೆ ಎಂದು ಯಾರೂ ಶಂಕುಸ್ಥಾಪನೆ ಮಾಡಿಲ್ಲ, ಅಷ್ಟೆ.

ಘಟಕದಿಂದ ಹೊರಬಿದ್ದ ನೀರು ಕೆರೆಗೆ ಸೀದಾ ಇಳಿಯುವುದಿಲ್ಲ. ನಡುವೆ ಹರಡಿಕೊಂಡಿರುವ ಜೌಗಿನೊಳಗೆ ಅದು ಕಳೆದುಹೋಗುತ್ತದೆ. ಆಳೆತ್ತರದ ಜೊಂಡು, ನಡುನಡುವೆ ಅಂತರಗಂಗೆ, ಅಂಚಿನಲ್ಲಿ ಬಗೆಬಗೆಯ ಹುಲ್ಲು. ನಾನು ನಿಂತಲ್ಲಿಂದ ನಾಲ್ಕು ಮಾರು ದೂರದಲ್ಲಿ ಒಂದು ನೇರಳೆ ಜಂಬುಕೋಳಿ ಜೊಂಡಿನ ದಂಟೊಂದನ್ನು ಬುಡಕ್ಕೇ ಕಿತ್ತಿತು. ಕಿತ್ತದ್ದನ್ನು ಕೆಂಪು ಕಾಲಿನ ಉದ್ದ ಬೆರಳುಗಳಲ್ಲಿ ಹಿಡಿದುಕೊಂಡು, ಹೊರಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನಷ್ಟೇ ತಿಂದು ಉಳಿದದ್ದನ್ನು ಎಸೆಯಿತು. ಮತ್ತೊಂದು ದಂಟಿಗೆ ಹೋಯಿತು. ವಾಕಿಂಗ್ ಬಂದ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, "ಇದನ್ನೆಲ್ಲ ಯಾಕೆ ಹಿಂಗೆ ಬಿಟ್ಟವ್ರೋ ಗೊತ್ತಿಲ್ಲ ಸಾರ್. ಬರೀ ಸೊಳ್ಳೆ. ಒಂದ್ಸಲ ಜೆಸಿಬಿ ಬಿಟ್ರೆ ಕ್ಲೀನಾಗುತ್ತೆ" ಎಂದರು.

ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಈ 'ಕ್ಲೀನು' ಮಾಡುವ ಆಸೆಯೇ ಕಂಟಕ. ಹೂಳೆತ್ತಿ, ದಂಡೆಗೆ ಕಲ್ಲು ಕಟ್ಟಿ, ಸುತ್ತ ಬೇಲಿ ಹಾಕಿ, ಬೆಂಚಿಟ್ಟು, ನಾಮಫಲಕ ನೆಟ್ಟರೆ ಅಭಿವೃದ್ಧಿ ಮುಗಿಯಿತು ಎಂದು ಲೆಕ್ಕ. ಒಳಗೆ ಬರುವ ನೀರು ಎಂಥದ್ದು ಎಂದು ಕೇಳುವವರು ಕಡಿಮೆ. ಶುದ್ಧೀಕರಣ ಘಟಕ ಕೊಳೆಯನ್ನು ಬಹುಪಾಲು ತೆಗೆಯುತ್ತದೆ ನಿಜ; ಆದರೆ ಸಾರಜನಕ, ರಂಜಕ ನೀರಿನಲ್ಲಿ ಉಳಿಯುತ್ತವೆ. ಹೊಲಕ್ಕೆ ಅವು ಗೊಬ್ಬರ, ಕೆರೆಗೆ ಕಾಟ. ಪಾಚಿ ಉಕ್ಕಿ, ಕೊಳೆತು, ನೀರಿನ ಆಮ್ಲಜನಕ ಇಂಗಿ ಮೀನು ಸಾಯುವುದು ಹೀಗೆಯೇ. ಜೊಂಡಿನ ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ನೀರಿನ ಓಟ ತಗ್ಗಿದಂತೆ ತೇಲುವ ಕಣಗಳು ತಳ ಸೇರುತ್ತವೆ. ರಂಜಕದ ಒಂದು ಪಾಲು ಎಲೆ, ದಂಟಿಗೆ ಏರುತ್ತದೆ. ಆ ಎಲೆ ಅಲ್ಲೇ ಬಿದ್ದು ಕೊಳೆತರೆ ರಂಜಕ ಮತ್ತೆ ನೀರಿಗೇ. ಹಾಗಾಗಿ ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕಬೇಕು, ಬುಡಸಮೇತ ಬಾಚಬಾರದು. ಅಂಚಿನಲ್ಲಿ ಹಸುವಿಗೆಂದು ಹುಲ್ಲು ಕುಯ್ದು ಹೊರೆ ಕಟ್ಟುತ್ತಿದ್ದ ಹೆಂಗಸರು ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಹಿರಿಯರ ಸೊಳ್ಳೆಯ ದೂರೂ ಸುಳ್ಳಲ್ಲ. ನೀರು ಕಟ್ಟಿಕೊಂಡು ನಿಂತ ಕಡೆ ಸೊಳ್ಳೆ ಬರುತ್ತದೆ. ಹರಿವು ಬಿಡಿಸಿಕೊಟ್ಟರೆ, ಮೀನು ಒಳಗೆ ಆಡುವಂತಿದ್ದರೆ ಕಡಿಮೆಯಾಗುತ್ತದೆ. ಅದಕ್ಕೂ ಜೆಸಿಬಿ ಬೇಡ, ಕೈಯಾಳು ಬೇಕು.

ಎಲ್ಲ ಸರಿಯಿದೆ ಎಂದು ಹೇಳುತ್ತಿಲ್ಲ. ಘಟಕದ ಹಾದಿ ತಪ್ಪಿಸಿ ರಾಜಕಾಲುವೆಯಲ್ಲಿ ಹಸಿ ಕೊಳಚೆಯೂ ಬಂದು ಜೌಗಿಗೆ ಸೇರುವುದನ್ನು ಇಲ್ಲಿ ನೀರು ಪರೀಕ್ಷಿಸಿದ ಸಂಶೋಧಕರು ದಾಖಲಿಸಿದ್ದಾರೆ. ದೊಡ್ಡ ಮಳೆ ಬಂದರಂತೂ ಎಲ್ಲವೂ ಒಂದೇ ರಭಸದಲ್ಲಿ ಜೊಂಡು ದಾಟಿಬಿಡುತ್ತದೆ. ಜೊಂಡಿಗೆ ಬೇಕಾದದ್ದು ಪುರುಸೊತ್ತು. ಪ್ರವಾಹ ಅದನ್ನು ಕೊಡುವುದಿಲ್ಲ.

ಜೌಗು ದಾಟಿದೊಡನೆ ಕಣ್ಣು ಬಯಲಾಗುತ್ತದೆ. ಸುಮಾರು 160 ಎಕರೆಯ ಕೆರೆ. ಬಿಡಿಎ ಇದನ್ನು ದುರಸ್ತಿ ಮಾಡಿಸಿ ಹದಿನೈದು ವರ್ಷದ ಮೇಲಾಗಿರಬಹುದು. ಆಮೇಲೆ ಜಲಪೋಷಣ್ ಎಂಬ ಸ್ಥಳೀಯರ ಟ್ರಸ್ಟು ಜೊತೆಗೂಡಿತು. ಹೆಜ್ಜಾರ್ಲೆಗಳು ಸಾಲಾಗಿ ಈಜುತ್ತಿದ್ದವು, ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ತಲೆಯ ಮೇಲೆ ಜಕ್ಕೂರು ಏರೋಡ್ರೋಮಿನ ಪುಟ್ಟ ವಿಮಾನವೊಂದು ಗುರುಗುಡುತ್ತ ಸುತ್ತುಹಾಕಿತು. ಹಕ್ಕಿಗಳು ಕ್ಯಾರೇ ಎನ್ನಲಿಲ್ಲ.

ದಡದಲ್ಲಿ ಮೀನಿನವರ ಬಲೆ ಒಣಗುತ್ತಿತ್ತು. ಕಾಟ್ಲಾ, ರೋಹು, ಜಿಲೇಬಿ. "ಕೊಳಚೆ ಕೆರೆ ಮೀನು ಅಂತ ಜನ ಮೂಗು ಮುರಿಯಲ್ವೇನಣ್ಣ?" ಎಂದು ಕೇಳಿದೆ. "ಮುರಿಯೋರು ಮುರೀತಾರೆ. ಮೀನು ಉಸಿರಾಡ್ತೈತೆ ಅಂದ್ರೆ ನೀರು ನೆಟ್ಟಗೈತೆ ಅಂತ ತಾನೆ?" ಎಂದರು ಅವರು, ತಕ್ಕಡಿಯಿಂದ ಕಣ್ಣು ತೆಗೆಯದೆ. ಪೂರ್ತಿ ಒಪ್ಪುವ ಮಾತಲ್ಲ. ಜಿಲೇಬಿ ಎಂಥ ನೀರಿನಲ್ಲೂ ಬದುಕಿಕೊಳ್ಳುವ ಗಟ್ಟಿ ಪಿಂಡ. ಆದರೆ ಆಮ್ಲಜನಕ ಬಿದ್ದುಹೋದ ದಿನ ಮೊದಲು ತಿಳಿಯುವುದು ಇವರಿಗೇ. ಕೆರೆಯ ಪರವಾಗಿ ಮಾತಾಡಲು ಹೊಟ್ಟೆಪಾಡಿನ ಕಾರಣ ಇರುವವರು ದಂಡೆಯ ಮೇಲೆ ಇರಬೇಕು. ನಮ್ಮಂಥ ವಾಕಿಂಗ್ ಗಿರಾಕಿಗಳಿಂದ ಅಷ್ಟು ಹೊತ್ತಿನ ಕಾವಲು ಸಾಧ್ಯವಿಲ್ಲ.

ಗಣೇಶನ ಮೂರ್ತಿ ಬಿಡಲು ಬೇರೆಯೇ ಕಲ್ಯಾಣಿ ಇದೆ. ಬಣ್ಣ, ಮಣ್ಣು ಅಲ್ಲೇ ನಿಲ್ಲಲಿ ಎಂದು. ಅದರಾಚೆ ಏರಿ. ಹಿಂದೆ ತೂಬು ಎತ್ತಿದರೆ ನೀರು ಗದ್ದೆಗೆ ಹೋಗುತ್ತಿತ್ತು, ನೀರಗಂಟಿಗೆ ಊರಿನಲ್ಲಿ ಒಂದು ಗೌರವವಿತ್ತು. ಈಗ ಅಚ್ಚುಕಟ್ಟೆಲ್ಲ ಸೈಟು. ಹಾಗೆಂದು ಕೆರೆಯ ಉಪಕಾರ ನಿಂತಿಲ್ಲ, ನೆಲದೊಳಕ್ಕೆ ಇಳಿದಿದೆ: ಕೆರೆ ತುಂಬಿರುವವರೆಗೆ ಸುತ್ತಲಿನ ಬಾವಿಗಳಿಗೆ ಒರತೆ ಉಂಟು.

ಈ ನೀರಿಗೆ ಬೇರೆ ಕಣ್ಣುಗಳೂ ಇವೆ. ಯಲಹಂಕದ 370 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರಕ್ಕೆ ಇದೇ ಶುದ್ಧೀಕರಿಸಿದ ನೀರು ಒಯ್ಯುವ ಯೋಜನೆ ಬಂದಾಗ ಕೆರೆಗೆ ಉಳಿಯುವುದೆಷ್ಟು ಎಂಬ ಪ್ರಶ್ನೆ ಎದ್ದಿತ್ತು. ಕೊಳಚೆ ಎನ್ನಿಸಿಕೊಂಡದ್ದು ತೊಳೆದೊಡನೆ ಸೊತ್ತಾಗುತ್ತದೆ. ಸೊತ್ತಿಗೆ ಪಾಲುದಾರರು ಹುಟ್ಟಿಕೊಳ್ಳುತ್ತಾರೆ. ಕೆರೆಯ ಪಾಲು ಇಷ್ಟು ಎಂದು ಮೊದಲೇ ಬರೆದಿಡುವುದು ಲೇಸು.

ಕೋಡಿ ದಾಟಿದ ನೀರು ದಕ್ಷಿಣಕ್ಕೆ ರಾಚೇನಹಳ್ಳಿ ಕೆರೆಯ ದಾರಿ ಹಿಡಿಯುತ್ತದೆ. ಕಾಲಿಗೆ ಕಸುವಿದ್ದರೆ ಅಲ್ಲಿಗೂ ಹೋಗಿಬನ್ನಿ, ಬೆಳಗ್ಗೆ ಬಿಸಿಲೇರುವ ಮುಂಚೆ. ದುರ್ಬೀನು ಇದ್ದರೆ ಒಳ್ಳೆಯದು. ಹಳೇ ಚಪ್ಪಲಿ ಸಾಕು, ಉತ್ತರದ ಮೂಲೆಯಲ್ಲಿ ಕೆಸರಿರುತ್ತದೆ.