ಮೇರೆ ಮೀರಿದ ಕುಮ್ಕಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬೇಸಾಯಗಾರನಿಗೆ ಗದ್ದೆಯೆಂದರೆ ಗದ್ದೆಯೊಂದೇ ಅಲ್ಲ. ಸೊಪ್ಪಿಗೂ ತರಗೆಲೆಗೂ ಉರುವಲಿಗೂ ದನಗಳ ಮೇವಿಗೂ ಒದಗುವ ಹಾಡಿಯೊಂದು, ಎಂದರೆ ಕಿರುಗಾಡೊಂದು, ಅದಕ್ಕೆ ಹೊಂದಿಕೊಂಡಿರಲೇಬೇಕೆಂಬುದನ್ನು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯ ಪದ್ಧತಿಯೇ ಒಪ್ಪಿ, ರೈತನ ಹೆಸರಿನಲ್ಲಿರುವ ವರ್ಗ ಜಮೀನಿನ ಸುತ್ತಣ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಅವನ್ನೆಲ್ಲ ಪಡೆಯುವ ಕುಮ್ಕಿಯೆಂಬ ಸೌಲಭ್ಯವನ್ನು ನೀಡಿತ್ತು.

ಇದನ್ನು ಕೇವಲ ಕಂದಾಯದ ಮಾತೆಂದು ನಾನು ಎಣಿಸಲಾರೆ. 1990ರ ದಶಕದಲ್ಲಿ ಕೆನಡಾದ ವಿಲಿಯಂ ರೀಸ್ ಹಾಗೂ ಅವರ ಶಿಷ್ಯ ಮ್ಯಾಥಿಸ್ ವಾಕರ್ನಾಗೆಲ್ ರೂಪಿಸಿದ ‘ಪರಿಸರ ಹೆಜ್ಜೆಗುರುತು’ ಎಂಬ ಗಣನೆ ಕೇಳುವುದೂ ಇದೇ ಪ್ರಶ್ನೆಯನ್ನು: ಒಂದು ಜನಸಮುದಾಯ ಉಂಡುಟ್ಟು ಉರಿಸುವುದನ್ನು ಒದಗಿಸುವುದಕ್ಕೂ, ಬಿಸುಟುದನ್ನು ಅರಗಿಸಿಕೊಳ್ಳುವುದಕ್ಕೂ ಎಷ್ಟು ನೆಲಜಲ ಬೇಕು?

ಈ ಪ್ರಶ್ನೆಯನ್ನು ಮೀನುಗಾರಿಕೆಗೂ ಕೇಳಬಹುದು. 1970ರ ದಶಕದ ನಡುಭಾಗದವರೆಗೂ ನಮ್ಮ ಕರಾವಳಿಯಲ್ಲಿ ಬೈಗೆ, ಬಂಗುಡೆ ಮೀನುಗಳ ಹಿಂಡನ್ನು ರಂಪಣಿ ಬಲೆಯಿಂದ ಸುತ್ತುಗಟ್ಟಿ, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದಾಗ ವ್ಯಯವಾಗುತ್ತಿದ್ದುದು ಅನ್ನದ ಶಕ್ತಿ. ಆ ಬಳಿಕ ಗಂಗೊಳ್ಳಿಯ ಬಂದರನ್ನು ತುಂಬಿದ ಯಾಂತ್ರಿಕ ದೋಣಿಗಳು ಉಣ್ಣುವುದು ಡೀಸೆಲನ್ನು. ಒಂದು ಲೀಟರು ಡೀಸೆಲಿನ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಅದು ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡಾದರೋ ಸುಮಾರು 2.7 ಕಿಲೋಗ್ರಾಮು, ಏಕೆಂದರೆ ಇಂಗಾಲದ ಪ್ರತಿಯೊಂದು ಪರಮಾಣುವೂ ಗಾಳಿಯಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಸೆಳೆದುಕೊಳ್ಳುತ್ತದೆ. ಸಮುದ್ರ ಹೀರಿಕೊಂಡು ಉಳಿದುದನ್ನು ಅರಗಿಸಲು ಎಷ್ಟು ಕಾಡು ಬೇಕೋ ಅಷ್ಟನ್ನೂ ಹೆಜ್ಜೆಗುರುತಿಗೆ ಸೇರಿಸುವುದು ಗಣನೆಯ ಕ್ರಮ. ಜಗತ್ತಿನ ಒಟ್ಟು ಹೆಜ್ಜೆಗುರುತಿನಲ್ಲಿ ಶೇಕಡಾ 60ರಷ್ಟು ಪಾಲು ಹೀಗೆ ಲೆಕ್ಕದಲ್ಲಿ ಮಾತ್ರ ಬೆಳೆಯುವ ಕಾಡಿನದು.

ಭಾರತೀಯನೊಬ್ಬನ ಹೆಜ್ಜೆಗುರುತು ಒಂದು ಜಾಗತಿಕ ಹೆಕ್ಟೇರಿನ (ಜಗತ್ತಿನ ಸರಾಸರಿ ಫಲವತ್ತತೆಯ ಒಂದು ಹೆಕ್ಟೇರಿನ) ಆಸುಪಾಸಿನಲ್ಲಿದ್ದರೆ ಅಮೆರಿಕದವನದು ಅದರ ಆರೇಳು ಪಟ್ಟು. ಸಿರಿವಂತಿಕೆ ಒಂದು ಹಂತ ದಾಟಿದ ಮೇಲೆ ಪರಿಸರದ ಹೊರೆ ತಾನಾಗಿಯೇ ಇಳಿಯುವುದೆಂಬ ಅರ್ಥಶಾಸ್ತ್ರಜ್ಞರ ಊಹೆ ಇಲ್ಲಿ ನಂಬತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಶ್ರೀಮಂತ ದೇಶ ಹೊಗೆಯ ಕಾರ್ಖಾನೆಯನ್ನು ಪರದೇಶಕ್ಕೆ ದಾಟಿಸಿ ಸರಕನ್ನಷ್ಟೇ ತರಿಸಿಕೊಂಡರೂ, ಗಣನೆ ಆ ಹೊಗೆಯನ್ನು ಉಪಭೋಗಿಸುವವನ ಹೆಸರಿಗೇ ಬರೆಯುತ್ತದೆ.

ಹಾಗೆಂದು, ಹಾಡಿಯಿಂದ ಸೌದೆಯ ಹೊರೆ ಹೊತ್ತು ತಂದು ಒಲೆಯ ಹೊಗೆಯಲ್ಲಿ ಕಣ್ಣು ನೋಯಿಸಿಕೊಂಡ ತಾಯಂದಿರ ಬಾಳು ಮರಳಿ ಬರಲೆನ್ನಲು ನನಗೆ ಮನಸ್ಸಿಲ್ಲ. ಶಕ್ತಿ ಬೇಕೇ ಬೇಕು. ಅದು ಯಾವ ಮೂಲದ್ದೆಂಬುದನ್ನು ಮಾತ್ರ ನೋಡಲೇಬೇಕು. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ವಾರಾಹಿ ನದಿಯ ನೀರು 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ಹೊಗೆಯಿಲ್ಲದೆ ತಿರುಗಿಸುತ್ತದಾದರೂ, ಘಟ್ಟದ ಮೇಲೆ ಮಾಣಿ ಜಲಾಶಯ ಮುಳುಗಿಸಿದ ನೆಲವೂ ಆ ವಿದ್ಯುತ್ತಿನ ಕುಮ್ಕಿಯೇ. ಗದ್ದೆಯದೂ ಇದೇ ಕಥೆ. ಯೂರಿಯಾ ಗೊಬ್ಬರ ಬಂದ ಮೇಲೆ ಹಾಡಿಯಲ್ಲಿ ತರಗೆಲೆ ಗುಡಿಸುವವರು ವಿರಳರಾದರು. ಆ ಗೊಬ್ಬರ ತಯಾರಾಗುವುದು ನೈಸರ್ಗಿಕ ಅನಿಲದಿಂದಾದುದರಿಂದ, ಬೈಂದೂರಿನ ಗದ್ದೆಯೊಂದರ ಕುಮ್ಕಿ ಈಗ 100 ಗಜವನ್ನು ದಾಟಿ, ಕಡಲಾಚೆಯ ಕತಾರಿನ ಅನಿಲಬಾವಿಗಳವರೆಗೆ ಚಾಚಿಕೊಂಡಿದೆ.