ಪರದೇಶದ ವಿಮಾನ, ನಮ್ಮ ಮನೆಯ ಮಕ್ಕಳು

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಬರುವ ಹೆದ್ದಾರಿ ತೆಪ್ಪಕಾಡಿನಲ್ಲಿ ಮೋಯಾರು ಹೊಳೆಯ ಬಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಗೂಡಲೂರಿನತ್ತ ಸಾಗಿದರೆ, ಮತ್ತೊಂದು ಮಸಿನಗುಡಿಯನ್ನು ಹಾದು, ಕಲ್ಹಟ್ಟಿಯ 36 ತಿರುವುಗಳನ್ನು ಏರಿ ಉದಕಮಂಡಲವನ್ನು ಸೇರುತ್ತದೆ. ಗಡಿಯ ಎರಡೂ ಬದಿಯಲ್ಲಿ ನೆಂಟಸ್ತಿಕೆಯುಳ್ಳ ನಮ್ಮ ಜನ ಮದುವೆ ಮುಂಜಿಗಳಿಗೆ ಹೋಗಿಬರುವಾಗ ಇಲ್ಲಿ ಇಳಿದು, ಶಿಬಿರದ ಆನೆಗಳಿಗೆ ರಾಗಿ, ಹುರುಳಿ, ಬೆಲ್ಲಗಳ ಮುದ್ದೆಯನ್ನು ತಿನ್ನಿಸುವುದನ್ನು ನೋಡಿ ಹೋಗುವುದು ವಾಡಿಕೆ. ನೀಲಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಹತ್ತಿರದ್ದೆಂದರೆ ಕೊಯಮತ್ತೂರು. ಇಂಥ ಕಾಡಿನ ನಡುವೆ ಪರದೇಶದ ವಿಮಾನ ಚಾಲಕರ ನೇಮಕದ ಮಾತೇಕೆ ಎಂದು ಓದುಗರು ಕೇಳಿದರೆ ತಪ್ಪಲ್ಲ.

ಈಚೆಗೆ ನಾವು ತೆಪ್ಪಕಾಡಿಗೆ ಹೋದಾಗ ಮಸಿನಗುಡಿಯ ಕಡೆಯ, ನಮಗೆ ಬಹುಕಾಲದ ಪರಿಚಯವುಳ್ಳ ಒಂದು ಕುಟುಂಬ ಸಂಗಡವಿತ್ತು. ಹಿರಿಯ ಮಗ ನಮ್ಮ ದೇಶದ ಒಂದು ವಿಮಾನ ಸಂಸ್ಥೆಯಲ್ಲಿ ನಾಲ್ಕು ವರ್ಷ ಸಹಚಾಲಕನಾಗಿದ್ದು, ಕೊಲ್ಲಿಯ ಒಂದು ಸಂಸ್ಥೆಗೆ ಆಯ್ಕೆಯಾಗಿ, ರಜೆಯಲ್ಲಿ ಬಂದಿದ್ದಾನೆ. ಮೊದಲ ಸಲ ಬೇರೊಂದು ಸಂಸ್ಥೆಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿದ್ದ. ಪ್ಲಸ್ ಟು ಮುಗಿಸುತ್ತಿರುವ ತಂಗಿಗೂ ಈಗ ಅದೇ ಹಂಬಲ. ತಂದೆ ಇರುವ ಎರಡು ಎಕರೆಯನ್ನು ಒತ್ತೆಯಿಟ್ಟು ಅವಳನ್ನು ಕಲಿಸಲೇ ಬೇಡವೇ ಎಂಬ ಯೋಚನೆಯಲ್ಲಿದ್ದಾರೆ. ಅವರಿಗೆ ಬಿಡಿಸಲಾಗದ ಒಗಟೊಂದಿತ್ತು: ಸರ್ಕಾರವೇ ಲೈಸೆನ್ಸು ಕೊಟ್ಟು, ನಾಲ್ಕು ವರ್ಷ ಜನರನ್ನು ಹೊತ್ತು ಹಾರಿದವನನ್ನು ಅಲ್ಲಿಯವರು ಮೊದಲ ಸಲ ಬೇಡವೆಂದುದು ಏಕೆ? ಈ ಒಗಟು ಅವರೊಬ್ಬರದಲ್ಲ. ಲೈಸೆನ್ಸು ಬಂದರೆ ಉದ್ಯೋಗ ಬಂದಂತೆಯೇ ಎಂದು ನಂಬಿದ ತಂದೆತಾಯಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಆ ಹುಡುಗನಿಂದ ಕೇಳಿ ತಿಳಿದುದನ್ನೂ ನಾವು ಓದಿ ತಿಳಿದುದನ್ನೂ ಇಲ್ಲಿ ಕೂಡಿಸಿ ಬರೆಯುತ್ತಿದ್ದೇವೆ.

ಮೊದಲನೆಯ ಬಾಗಿಲು ಕಾಗದಪತ್ರಗಳದು. ಹಾರಿದ ಪ್ರತಿಯೊಂದು ಗಂಟೆಯನ್ನೂ ಬರೆದಿಟ್ಟ ದಿನಚರಿ ಪುಸ್ತಕ, ಲೈಸೆನ್ಸು, ವೈದ್ಯಕೀಯ ಪ್ರಮಾಣಪತ್ರ, ಶಾಲೆಯ ಅಂಕಪಟ್ಟಿ ಇವೆಲ್ಲವನ್ನೂ ಸಂಸ್ಥೆ ತಾನು ನೋಡಿ ತೃಪ್ತಿಪಡುವುದಿಲ್ಲ. ಲೈಸೆನ್ಸು ಕೊಟ್ಟ ದೇಶದ ವಿಮಾನಯಾನ ಇಲಾಖೆಗೆ ಬರೆದು ದೃಢಪಡಿಸಿಕೊಳ್ಳುತ್ತದೆ. ಇದರಲ್ಲಿ ತಿಂಗಳುಗಳೇ ಕಳೆಯುವುದುಂಟು. 2011ರಲ್ಲಿ ನಮ್ಮ ದೇಶದಲ್ಲೇ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸು ಪಡೆದ ಕೆಲವರು ಸಿಕ್ಕಿಬಿದ್ದರು. 2020ರ ಜೂನ್ ತಿಂಗಳಿನಲ್ಲಿ ಪಾಕಿಸ್ತಾನದ ಸಚಿವರು ತಮ್ಮ ದೇಶದ 262 ಚಾಲಕರ ಲೈಸೆನ್ಸು ಸಂದೇಹಾಸ್ಪದವೆಂದು ಪಾರ್ಲಿಮೆಂಟಿನಲ್ಲಿ ಹೇಳಿದೊಡನೆ, ವಿಯೆಟ್ನಾಮ್, ಮಲೇಷಿಯ ಮೊದಲಾದ ಕಡೆ ದುಡಿಯುತ್ತಿದ್ದ ಆ ದೇಶದ ಚಾಲಕರನ್ನು, ಸಾಚಾ ಲೈಸೆನ್ಸಿನವರನ್ನೂ ಸೇರಿಸಿ, ನೆಲಕ್ಕೆ ಇಳಿಸಿ ಕೂರಿಸಲಾಯಿತು. ಯಾರೋ ಮಾಡಿದ ಕಳ್ಳತನಕ್ಕೆ ಇನ್ಯಾರೋ ದಂಡ ತೆತ್ತಂತಾಯಿತು. ಇನ್ನೊಂದು ಮಾತು: 2017ರ ನಿಯಮದಂತೆ ನಮ್ಮ ದೇಶದ ಸಂಸ್ಥೆಯನ್ನು ಬಿಡಲು ಕಮಾಂಡರ್ ಆದವನು ಒಂದು ವರ್ಷ, ಸಹಚಾಲಕನು ಆರು ತಿಂಗಳು ಮೊದಲೇ ತಿಳಿಸಬೇಕು. ಹೊರಗಿನ ಆಹ್ವಾನ ಕೈಗೆ ಬಂದೊಡನೆ ಪೆಟ್ಟಿಗೆ ಕಟ್ಟುವ ಹಾಗಿಲ್ಲ.

ಕಾಗದಗಳ ಬಾಗಿಲು ದಾಟಿದವರಿಗೆ ಕಂಪ್ಯೂಟರಿನ ಮುಂದೆ ಪರೀಕ್ಷೆ. ಒಂದು ಕೈಯಿಂದ ಓಡುವ ಚುಕ್ಕೆಯನ್ನು ಹಿಡಿದಿಟ್ಟುಕೊಳ್ಳುತ್ತ, ಕಿವಿಗೆ ಬೀಳುವ ಅಂಕಿಗಳನ್ನು ನೆನಪಿಡುತ್ತ, ನಡುವೆ ಲೆಕ್ಕ ಮಾಡುವುದು. ಲೆಕ್ಕ ಕಠಿಣವಾದುದಲ್ಲ, ಕಾಲಾವಕಾಶ ಮಾತ್ರ ಕಡಿಮೆ. 35,000 ಅಡಿ ಎತ್ತರದಲ್ಲಿರುವ ವಿಮಾನ ನಿಲ್ದಾಣಕ್ಕೆ ಎಷ್ಟು ದೂರವಿರುವಾಗ ಇಳಿಯತೊಡಗಬೇಕು? ಸಾವಿರದ ಅಂಕಿಯನ್ನು ಮೂರರಿಂದ ಗುಣಿಸಿದರೆ ಸುಮಾರು 105 ನಾಟಿಕಲ್ ಮೈಲಿ. ನಮ್ಮ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಮಗ್ಗಿ ಇಲ್ಲಿ ಕೈಹಿಡಿಯಿತೆಂದು ಹುಡುಗ ನಕ್ಕ. ಇದು ಅಭ್ಯಾಸದಿಂದ ಗೆಲ್ಲತಕ್ಕ ಭಾಗ. ಇದರ ಬಗೆಗೆ ಹೆಚ್ಚು ಬರೆಯುವುದಿಲ್ಲ.

ಅವನು ಎಡವಿದ್ದು ಅನಂತರದ ಘಟ್ಟದಲ್ಲಿ. ಬೇರೆ ಬೇರೆ ದೇಶಗಳ ಆರು ಮಂದಿಯನ್ನು ಒಂದು ಮೇಜಿನ ಸುತ್ತ ಕೂರಿಸಿ, ವಿಮಾನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲದ ಒಂದು ಸಮಸ್ಯೆಯನ್ನು ಕೊಟ್ಟು, ಇಪ್ಪತ್ತು ನಿಮಿಷಗಳಲ್ಲಿ ಕೂಡಿ ಬಿಡಿಸಿರಿ ಎನ್ನುತ್ತಾರೆ. ಪರೀಕ್ಷಕರು ಗೋಡೆಯ ಬದಿಗೆ ಕುಳಿತು ಬರೆದುಕೊಳ್ಳುತ್ತಿರುತ್ತಾರೆ. ಇವನ ಗುಂಪಿನಲ್ಲಿ ನರೆಗೂದಲಿನ, ಬಹಳ ಅನುಭವವುಳ್ಳ ಒಬ್ಬರು ಮುಂದಾಳಾದರು. ಅವರು ಕಾಲದ ಲೆಕ್ಕದಲ್ಲಿ ಒಂದು ಗಂಟೆ ತಪ್ಪಿದ್ದು ಇವನಿಗೆ ಕಂಡಿತು. ಹಿರಿಯರು, ಎಲ್ಲರೆದುರಿಗೆ ಹೇಗೆ ಹೇಳುವುದು ಎಂದು ಸುಮ್ಮನಾದ. ಸಂಜೆ ಬಂದ ಮಿಂಚಂಚೆಯಲ್ಲಿ ಎರಡೇ ಸಾಲಿನ ವಂದನೆಯಿತ್ತು. ಕಾರಣವನ್ನು ಯಾರೂ ತಿಳಿಸಲಿಲ್ಲ. ಹಾಗೆ ತಿಳಿಸುವುದು ಅಪರೂಪ. ತಿಂಗಳುಗಟ್ಟಲೆ ಯೋಚಿಸಿ ಅವನೇ ಊಹಿಸಿಕೊಂಡುದು ಇದು.

ಆ ಮಾತನ್ನು ಕೇಳಿ ತಾಯಿಗೆ ನೋವಾಯಿತು. ಹಿರಿಯರಿಗೆ ಎದುರಾಡಬೇಡ ಎಂದು ಬೆಳೆಸಿದುದೇ ತಪ್ಪಾಯಿತೆ ಎಂದು ಅವರು ಕೇಳಿದಾಗ ನಮಗೂ ತಕ್ಷಣ ಉತ್ತರ ತೋಚಲಿಲ್ಲ. ಆದರೆ ಪರೀಕ್ಷಕರು ಈ ಒಂದು ಗುಣವನ್ನೇ ಏಕೆ ಹೀಗೆ ಹುಡುಕುತ್ತಾರೆಂಬುದಕ್ಕೆ ದುಃಖದ ಚರಿತ್ರೆಯಿದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಮುಸುಕಿದ ಓಡುದಾರಿಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಏರಲು ಧಾವಿಸಿದ ಡಚ್ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಇತರ ಚಾಲಕರಿಗೆ ಕಲಿಸುತ್ತಿದ್ದ ಹೆಸರಾಂತ ಶಿಕ್ಷಕ. ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಹಿಂದಿನ ಆಸನದ ಎಂಜಿನಿಯರ್ ಸಂದೇಹಪಟ್ಟು ಕೇಳಿದರೂ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. ಎಂಜಿನಿಯರ್ ಮತ್ತೆ ಒತ್ತಿ ಹೇಳಲಿಲ್ಲ. ಇಂಥ ಅಪಘಾತಗಳಿಂದ ಪಾಠ ಕಲಿತು 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಚಾರಗೋಷ್ಠಿ ಕರೆಯಿತು. 1981ರಿಂದ ವಿಮಾನ ಸಂಸ್ಥೆಗಳು ಚಾಲಕರಿಗೆ ಕೂಡಿ ದುಡಿಯುವುದನ್ನೂ ಕಿರಿಯನು ಧೈರ್ಯವಾಗಿ ಹೇಳುವುದನ್ನೂ ಹಿರಿಯನು ತಾಳ್ಮೆಯಿಂದ ಕೇಳುವುದನ್ನೂ ವಿಧಿವತ್ತಾಗಿ ಕಲಿಸತೊಡಗಿದವು.

ದೂರದ ದ್ವೀಪದ ಮಾತೇಕೆ? 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯ ಗುಡ್ಡದಿಂದ ಕಣಿವೆಗೆ ಜಾರಿ 158 ಮಂದಿ ಸುಟ್ಟುಹೋದುದನ್ನು ಕಾಸರಗೋಡು, ದಕ್ಷಿಣ ಕನ್ನಡಗಳ ಮನೆಗಳು ಇನ್ನೂ ಮರೆತಿಲ್ಲ. ಬದುಕಿದವರು ಎಂಟೇ ಜನ. ಕ್ಯಾಪ್ಟನ್ ವಿದೇಶದಿಂದ ನೇಮಕಗೊಂಡವರು, 10,000 ಗಂಟೆಗಿಂತ ಹೆಚ್ಚು ಹಾರಿದವರು. ಇಳಿಯುವುದು ಬೇಡ, ಮೇಲಕ್ಕೆ ಏರಿಸೋಣ ಎಂದು ಸಹಚಾಲಕ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕಿವಿಗೊಡಲಿಲ್ಲವೆಂದು ವಿಚಾರಣಾ ಮಂಡಲಿ ವರದಿ ಮಾಡಿತು. ಅಲ್ಲಿ ಕಿರಿಯನು ಬಾಯಿ ಬಿಟ್ಟಿದ್ದ. ಕೇಳುವ ಕಿವಿ ಇರಲಿಲ್ಲ. ಆ ಮೇಜಿನ ಸುತ್ತ ಅಳೆಯುವುದು ಈ ಎರಡನ್ನೂ.

ನಾವು ಈ ಮಾತನ್ನಾಡುತ್ತಿದ್ದಾಗ ಎದುರಿಗೆ ಮಾವುತರು ಆನೆಗಳನ್ನು ಹೊಳೆಯಿಂದ ಕರೆತರುತ್ತಿದ್ದರು. ಪ್ರತಿ ಆನೆಗೂ ಒಬ್ಬ ಮಾವುತ, ಅವನ ಕೈಕೆಳಗೆ ಒಬ್ಬ ಕಾವಾಡಿ. ಸೊಪ್ಪು ತರುವುದು, ಮೈ ತೊಳೆಯುವುದು, ಕಾಲಿನ ಗಾಯ ನೋಡುವುದು ಕಾವಾಡಿಯ ಕೆಲಸ. ಹೀಗೆ ವರ್ಷಗಟ್ಟಲೆ ದುಡಿದು ಅವನು ಮಾವುತನಾಗುತ್ತಾನೆ. ಆನೆಯ ಕಪೋಲದಲ್ಲಿ ಮದದ ಜಿನುಗು ಕಂಡರೆ, ಮೊದಲು ಕಂಡವನು ಕಾವಾಡಿಯಾದರೂ, ಹೇಳಲು ಹಿಂಜರಿಯುವಂತಿಲ್ಲ. ಜೀವ ಇಬ್ಬರದೂ ಹೋಗುತ್ತದೆ. ನಮ್ಮ ವಿಮಾನದಲ್ಲಿಯೂ ಇದೇ ಎಂದು ಹುಡುಗ ತಾಯಿಗೆ ತೋರಿಸಿ ಹೇಳಿದ. ಎದುರಾಡುವುದು ಬೇರೆ, ಕಂಡುದನ್ನು ಹೇಳುವುದು ಬೇರೆ ಎಂಬುದು ಕುರುಂಬರ ಮಕ್ಕಳಿಗೆ ಯಾವ ಗೋಷ್ಠಿಯೂ ಇಲ್ಲದೆ ತಿಳಿದಿದೆ. ಪ್ರಾಸಂಗಿಕವಾಗಿ ಹೇಳುವುದಾದರೆ, 2023ರಲ್ಲಿ ತಮಿಳುನಾಡು ಸರ್ಕಾರವು ಹದಿಮೂರು ಮಂದಿ ಮಾವುತರು, ಕಾವಾಡಿಗಳನ್ನು ಥಾಯ್ಲೆಂಡಿನ ಲಂಪಾಂಗಿನ ಆನೆ ಸಂರಕ್ಷಣಾ ಕೇಂದ್ರಕ್ಕೆ ತರಬೇತಿಗೆ ಕಳುಹಿಸಿತು. ಅದೇ ವರ್ಷ ಇದೇ ತೆಪ್ಪಕಾಡಿನ ಬೆಳ್ಳಿಯವರು ರಾಜ್ಯದ ಮೊದಲ ಮಹಿಳಾ ಕಾವಾಡಿಯಾಗಿ ನೇಮಕಗೊಂಡರು. ಪರದೇಶ ಪ್ರಯಾಣವೆಂದರೆ ಇಂಗ್ಲಿಷ್ ಶಾಲೆಯವರ ಸೊತ್ತೆಂದು ತಿಳಿದವರು ಇದನ್ನು ನೆನೆಯಬೇಕು.

ಇಂಗ್ಲಿಷಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಗೂಡಲೂರಿನ ಪೇಟೆಯಲ್ಲಿ ಮಲೆಯಾಳ ಆಡುವ ನಮ್ಮ ಮಕ್ಕಳ ಇಂಗ್ಲಿಷಿನಲ್ಲಿ ಈ ಮೂರರ ಧಾಟಿಯೂ ಇಣುಕುತ್ತದೆ. ಅದಕ್ಕಾಗಿ ಅವರು ಕುಗ್ಗಬೇಕಾದುದಿಲ್ಲ. 1996ರ ನವೆಂಬರ್ 12ರಂದು ದೆಹಲಿಯ ಬಳಿ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಘರ್ಷಿಸಿ 349 ಮಂದಿ ಮಡಿದರು. ಒಂದು ವಿಮಾನದ ಸಿಬ್ಬಂದಿಗೆ ಇಂಗ್ಲಿಷ್ ಸಾಕಷ್ಟು ಬಾರದಿದ್ದುದೂ ಕಾರಣಗಳಲ್ಲಿ ಒಂದು. ಇಂಥ ಘಟನೆಗಳ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2003ರಲ್ಲಿ ಭಾಷಾ ನಿಯಮವನ್ನು ರೂಪಿಸಿ 2008ರ ಮಾರ್ಚಿನಿಂದ ಜಾರಿಗೆ ತಂದಿತು. ಆರು ಮಟ್ಟಗಳಲ್ಲಿ ನಾಲ್ಕನೆಯದಾದರೂ ಬೇಕು. ತಾಯಿನುಡಿಯ ಛಾಯೆ ಉಚ್ಚಾರಣೆಯಲ್ಲಿರಬಹುದು, ಕೇಳುವವನಿಗೆ ಅರ್ಥವಾಗುವುದಕ್ಕೆ ಅದು ಪದೇಪದೇ ಅಡ್ಡಿಯಾಗದಿದ್ದರೆ ಸರಿ ಎಂದೇ ಆ ಮಟ್ಟದ ವಿವರಣೆ ಹೇಳುತ್ತದೆ. ತಿಳಿಯದಿದ್ದಾಗ ಮತ್ತೆ ಕೇಳುವುದು, ಕೇಳಿದುದನ್ನು ಖಚಿತಪಡಿಸಿಕೊಳ್ಳುವುದು ಇವಕ್ಕೂ ಬೆಲೆಯಿದೆ. ಮೂರು ಭಾಷೆಗಳ ನಡುವೆ ಬೆಳೆದವರಿಗೆ ಇದು ದಿನನಿತ್ಯದ ರೂಢಿಯಲ್ಲವೆ?

ಕೃತಕ ವಿಮಾನದ, ಎಂದರೆ ಸಿಮ್ಯುಲೇಟರಿನ, ಪರೀಕ್ಷೆಯಲ್ಲಿ ಏರುವಾಗಲೇ ಒಂದು ಎಂಜಿನ್ ಕೆಡುತ್ತದೆ, ಇಳಿಯಲಿರುವಾಗ ಓಡುದಾರಿ ಕಾಣದಾಗುತ್ತದೆ. ಅಲ್ಲಿಯೂ ಕೈಚಳಕ ಒಂದನ್ನೇ ನೋಡುವುದಿಲ್ಲ. ಪಕ್ಕದವನಿಗೆ ಕೆಲಸ ಹಂಚಿದನೇ, ಅವನ ಮಾತು ಕೇಳಿದನೇ ಎಂಬುದನ್ನು ನೋಡುತ್ತಾರೆ. ಕೊನೆಯ ಸಂದರ್ಶನದಲ್ಲಿ ನೀವು ಮಾಡಿದ ಒಂದು ತಪ್ಪನ್ನು ಹೇಳಿರಿ ಎಂದು ಕೇಳಿದಾಗ, ಹುಡುಗ ಹಿಂದಿನ ಸಲದ ಆ ಮೌನವನ್ನೇ ವಿವರಿಸಿದನಂತೆ. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ಕೇಳಿದರು ಎಂದ.

ಇನ್ನು ತಂಗಿಯ ವಿಚಾರ. ಹೆಣ್ಣುಮಗಳೆಂಬ ಹಿಂಜರಿಕೆ ಈಗ ಸಲ್ಲದು. ನಮ್ಮ ದೇಶದ ವಿಮಾನ ಚಾಲಕರಲ್ಲಿ ಮಹಿಳೆಯರು ಶೇಕಡಾ 12ಕ್ಕೂ ಮೇಲಿದ್ದಾರೆ. ಲೋಕದ ಸರಾಸರಿ ಅದರ ಅರ್ಧದಷ್ಟು. ಕೋತಗಿರಿಯ ಕಡೆಯ ಬಡಗ ತರುಣಿಯೊಬ್ಬಳು ದಕ್ಷಿಣ ಆಫ್ರಿಕದಲ್ಲಿ ಕಲಿತು ಚಾಲಕಿಯಾದ ವರ್ತಮಾನವೂ ಪತ್ರಿಕೆಗಳಲ್ಲಿ ಬಂದಿದೆ. ಮನೆಯಲ್ಲಿ ಎಲ್ಲರಿಗೂ ಎದುರುತ್ತರ ಕೊಡುವವಳೆಂದು ಇಷ್ಟು ದಿನ ಬೈಸಿಕೊಂಡವಳು ಇವಳೇ ಎಂಬುದನ್ನು ಅಣ್ಣ ನೆನಪಿಸಿದಾಗ ತಾಯಿಯೂ ನಕ್ಕರು. ತೊಡಕಿರುವುದು ಹಣದಲ್ಲಿ. ಕನಿಷ್ಠ 200 ಗಂಟೆ ಹಾರಿ ವಾಣಿಜ್ಯ ಲೈಸೆನ್ಸು ಪಡೆಯುವ ಹೊತ್ತಿಗೆ ಅರ್ಧ ಕೋಟಿ ರೂಪಾಯಿಗಳ ಆಸುಪಾಸು ಖರ್ಚು. ಒಂದು ಬಗೆಯ ದೊಡ್ಡ ವಿಮಾನಕ್ಕೆ ಬೇಕಾದ ವಿಶೇಷ ಅರ್ಹತೆಗೆ ಇನ್ನೂ ಬೇಕು. ಕಲಿತು ಮುಗಿಸಿದಾಗ ಉದ್ಯೋಗ ಕಾದಿರುತ್ತದೆಂಬ ಭರವಸೆಯಿಲ್ಲ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಾಗ ನೂರಾರು ಚಾಲಕರು ಬೀದಿಗೆ ಬಂದರು. 2020ರ ಸಾಂಕ್ರಾಮಿಕದಲ್ಲಿ ಕೊಲ್ಲಿಯ ಶ್ರೀಮಂತ ಸಂಸ್ಥೆಗಳೂ ಪರದೇಶೀಯರನ್ನು ಮನೆಗೆ ಕಳುಹಿಸಿದವು. ಮುಂಗಡ ಕೊಟ್ಟರೆ ಹೊರದೇಶದಲ್ಲಿ ಕೆಲಸ ಕೊಡಿಸುತ್ತೇನೆಂದು ಒಬ್ಬ ಮಧ್ಯವರ್ತಿ ಈ ತಂದೆಯ ಬಳಿಗೆ ಎರಡು ಸಲ ಬಂದುಹೋಗಿದ್ದಾನೆ. 1983ರ ವಲಸೆ ಕಾಯಿದೆಯ ಮೇರೆಗೆ ನೋಂದಣಿಯಾಗದವನು ಹೊರದೇಶದ ಉದ್ಯೋಗಕ್ಕೆ ಜನರನ್ನು ಸೇರಿಸುವಂತಿಲ್ಲ ಎಂದು ತಿಳಿಸಿ, ನೋಂದಣಿಯ ಪತ್ರ ಕೇಳಿರಿ ಎಂದೆವು. ಕೇಳಿದ ಮೇಲೆ ಅವನು ಮೂರನೆಯ ಸಲ ಬರಲಿಲ್ಲವಂತೆ.

ಎಲ್ಲಕ್ಕೂ ಮೊದಲು ಮಾಡತಕ್ಕದ್ದು ವೈದ್ಯಕೀಯ ಪರೀಕ್ಷೆ ಎಂಬುದರಲ್ಲಿ ಅಣ್ಣನೂ ನಾವೂ ಒಮ್ಮತದವರು. ಮೊದಲು ಅಧಿಕೃತ ವೈದ್ಯರಲ್ಲಿ ಎರಡನೆಯ ದರ್ಜೆಯದು, ಅನಂತರ ಮೊದಲನೆಯ ದರ್ಜೆಯದು. ಇದನ್ನು ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಕಿವಿ, ಹೃದಯ, ಕಣ್ಣು ಎಲ್ಲವನ್ನೂ ನೋಡುತ್ತಾರೆ. ಹುಡುಗಿಗೆ ಕನ್ನಡಕವಿದೆಯೆಂದು ತಂದೆ ಹೆದರಿದ್ದರು. ಕನ್ನಡಕದಿಂದ ದೃಷ್ಟಿ ಮಿತಿಯೊಳಗೆ ಸರಿಹೋಗುವುದಾದರೆ ಅದು ಅಡ್ಡಿಯಲ್ಲ. ಬಣ್ಣಗಳನ್ನು ಗುರುತಿಸಲಾಗದ ಕುಂದು ಮಾತ್ರ ಅನೇಕರ ಆಸೆಯನ್ನು ಅಲ್ಲಿಗೇ ನಿಲ್ಲಿಸಿದೆ. ಅದನ್ನು ಚುಕ್ಕೆಗಳ ಪುಸ್ತಕವಿರುವ ಯಾವ ಕಣ್ಣಿನ ವೈದ್ಯರಾದರೂ ಕೆಲವೇ ನಿಮಿಷಗಳಲ್ಲಿ ಹೇಳಬಲ್ಲರು. ಹೊಲ ಒತ್ತೆ ಹೋಗಿ, ಎರಡು ವರ್ಷ ಕಳೆದ ಮೇಲೆ ಅದನ್ನು ತಿಳಿದುಕೊಂಡ ಮನೆಗಳೂ ಇವೆ.

ಉದಕಮಂಡಲದ ಕಣ್ಣಿನ ವೈದ್ಯರು ಬಣ್ಣದ ಪರೀಕ್ಷೆ ಮಾಡಿ ಸರಿಯಾಗಿದೆಯೆಂದು ಬರೆದುಕೊಟ್ಟಿದ್ದಾರೆ. ದರ್ಜೆಯ ಪರೀಕ್ಷೆಗೆ ಬೆಂಗಳೂರಿನಲ್ಲಿ ದಿನ ಗೊತ್ತಾಗಿದೆ. ಅದರ ಫಲಿತಾಂಶ ಬರುವವರೆಗೆ ಹೊಲದ ಪತ್ರಗಳು ಪೆಟ್ಟಿಗೆಯಲ್ಲೇ ಇರಲೆಂದು ತಾಯಿ ಬೀಗದ ಕೈಯನ್ನು ತಮ್ಮ ಸೆರಗಿಗೆ ಕಟ್ಟಿಕೊಂಡಿದ್ದಾರೆ.