ಬಿಪಿ ಇದ್ದವರು ಮೂತ್ರವನ್ನೂ ಪರೀಕ್ಷಿಸಿಕೊಳ್ಳಿ

ನಿಮ್ಮ ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಬ್ಬರಾದರೂ ಇರಬಹುದು. ತಂದೆಯೋ, ಅತ್ತೆಯೋ, ಇಲ್ಲವೇ ನೀವೇ. ತಿಂಗಳಿಗೊಮ್ಮೆ ಬಿಪಿ ನೋಡಿಸಿ, ಮಾತ್ರೆ ಬರೆಸಿಕೊಂಡು ಬರುತ್ತೀರಿ. ಮೂತ್ರ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿದರೆ, "ಅದು ಶುಗರ್ ಇದ್ದವರಿಗಲ್ಲವೇ?" ಎನ್ನುವವರೇ ಹೆಚ್ಚು. ಬಿಪಿ ಇದ್ದವರಿಗೂ ಅದು ಬೇಕು. ನಿಮ್ಮ ರಕ್ತನಾಳಗಳು ಎಷ್ಟು ಗಟ್ಟಿಯಾಗಿವೆ ಎಂಬುದರ ಸುಳಿವು ಮೂತ್ರದಲ್ಲಿ ಸಿಗುತ್ತದೆ.

ಹೃದಯದಿಂದ ಹೊರಡುವ ಮಹಾಪಧಮನಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾಳ. ಪ್ರತಿ ಬಡಿತದ ಹೊಡೆತವನ್ನು ಅದು ತನ್ನಲ್ಲೇ ತಡೆದುಕೊಂಡು ರಕ್ತವನ್ನು ನಯವಾಗಿ ಮುಂದೆ ಕಳುಹಿಸುತ್ತದೆ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟುಗಳಿಂದ ಆ ನಾಳ ಬಿಗಿಯಾದಾಗ ಹೊಡೆತ ನೇರವಾಗಿ ಸಣ್ಣ ನಾಳಗಳಿಗೆ ತಲುಪುತ್ತದೆ. ಅದರ ಪೆಟ್ಟು ಹೆಚ್ಚಾಗಿ ತಿನ್ನುವುದು ಮಿದುಳು ಮತ್ತು ಮೂತ್ರಪಿಂಡ. ಏಕೆಂದರೆ ಇವೆರಡಕ್ಕೂ ಸದಾ ಧಾರಾಳ ರಕ್ತ ಬೇಕು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆ. ಅಲ್ಲಿನ ಸೂಕ್ಷ್ಮ ಸೋಸಣಿಗೆಗಳು ಹಾಳಾದಾಗ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಆ ಹೊತ್ತಿಗೆ ನೋವಿಲ್ಲ, ಊತವಿಲ್ಲ. ರಕ್ತದ ಕ್ರಿಯಾಟಿನಿನ್ ಕೂಡ ಸರಿಯಾಗಿಯೇ ಇರಬಹುದು.

ಬಿಪಿಯ ಎರಡು ಅಂಕಿಗಳ ಅಂತರವನ್ನೂ ಗಮನಿಸಿ. 120/80 ಇದ್ದರೆ ಅಂತರ 40. ಹಿರಿಯರಲ್ಲಿ 160/70 ಬಂದಾಗ, "ಕೆಳಗಿನದು 70 ತಾನೇ, ಚಿಂತೆಯಿಲ್ಲ" ಎಂದು ಸಮಾಧಾನಪಡುವವರಿದ್ದಾರೆ. ಇದು ತಪ್ಪು. ಅಲ್ಲಿ ಅಂತರ 90. ವಯಸ್ಸಾದವರಲ್ಲಿ ಈ ಅಂತರ 60 ದಾಟಿದರೆ ನಾಳಗಳು ಬಿಗಿಯಾಗಿರುವ ಸಂಭವ ಹೆಚ್ಚು. ನಾಡಿಯ ಅಲೆಯ ವೇಗ ಅಳೆಯುವ ಯಂತ್ರಗಳೂ ಇವೆ. ಕತ್ತಿನಿಂದ ತೊಡೆಸಂದಿಗೆ ಅದು ಸೆಕೆಂಡಿಗೆ 10 ಮೀಟರ್ ಮೀರಿದರೆ ಬಿಗಿತವೆಂದು ಲೆಕ್ಕ. ಆದರೆ ಅದನ್ನು ಹುಡುಕಿಕೊಂಡು ದೊಡ್ಡ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ.

ವೈದ್ಯರಲ್ಲಿ "ಯೂರಿನ್ ಎಸಿಆರ್" ಪರೀಕ್ಷೆ ಕೇಳಿ. ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಸಣ್ಣ ಸೋರಿಕೆ ಕಾಣಿಸದೆ 'ನಿಲ್' ಎಂದು ಬರಬಹುದು. ಫಜ್ರ್‌ಗೆ ಎದ್ದಾಗಿನ ಮೊದಲ ಮೂತ್ರ ಉತ್ತಮ. ಫಲಿತಾಂಶ 30ಕ್ಕಿಂತ ಕಡಿಮೆ ಇದ್ದರೆ ಸರಿ, 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ, 300 ಮೀರಿದರೆ ಹೆಚ್ಚಾಗಿದೆ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳು, ವಿಪರೀತ ದೈಹಿಕ ಶ್ರಮದ ಬಳಿಕ ಕೊಟ್ಟ ಮೂತ್ರ ಮೋಸ ಮಾಡುತ್ತದೆ. ಹಾಗಾಗಿ ಒಂದೇ ವರದಿ ನೋಡಿ ಗಾಬರಿಯಾಗಬೇಡಿ. ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಸೋರಿಕೆ ಕಂಡರೆ ದಾರಿಯಿದೆ. 9,193 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ 'ಲೈಫ್' ಅಧ್ಯಯನದಲ್ಲಿ, ಚಿಕಿತ್ಸೆಯಿಂದ ಆಲ್ಬುಮಿನ್ ಇಳಿದವರಲ್ಲಿ ಹೃದಯ ಮತ್ತು ಮಿದುಳಿನ ಆಘಾತಗಳೂ ಕಡಿಮೆ ಇದ್ದವು. 'ಪ್ರಿಲ್' ಅಥವಾ 'ಸಾರ್ಟನ್' ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳು ಬಿಪಿಯ ಜೊತೆ ಈ ಸೋರಿಕೆಯನ್ನೂ ತಗ್ಗಿಸುತ್ತವೆ. ಆದರೆ ನೆರೆಮನೆಯವರ ಚೀಟಿ ನೋಡಿ ತರಿಸಬೇಡಿ. ಗರ್ಭಿಣಿಯರು ಇವನ್ನು ತೆಗೆದುಕೊಳ್ಳಲೇಬಾರದು. ಆರಂಭಿಸಿದ ಬಳಿಕ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಬೇಕು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಬೇಕರಿ ತಿಂಡಿಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ರಮಝಾನ್‌ನಲ್ಲಿ ಬಿಪಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕೆಲವು ವಾರ ಮೊದಲೇ ವೈದ್ಯರನ್ನು ಕಂಡು, ಯಾವುದನ್ನು ಸಹ್ರಿಗೆ, ಯಾವುದನ್ನು ಇಫ್ತಾರ್ ಬಳಿಕ ಎಂದು ಬರೆಸಿಕೊಳ್ಳಿ. ಎಸಿಆರ್ ವರದಿ ಇದ್ದರೆ ಆಗ ಅದನ್ನೂ ತೋರಿಸಿ.